ಒಂದು ಧ್ವನಿ, ಒಂದು ಗಿಟಾರ್: ಕಡಿಮೆ ಬೆಲೆಯಲ್ಲಿ ಯಾವ ಆಡಿಯೊ ಇಂಟರ್‌ಫೇಸ್?

ಹೊಸಕಂಠ: ಮನೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಅಕೌಸ್ಟಿಕ್ ಗಿಟಾರ್ ನುಡಿಸುತ್ತಾ ಹಾಡುತ್ತೇನೆ. ನನ್ನಲ್ಲಿರುವುದು ಶೂರ್ ಎಸ್‌ಎಂ58 ಮೈಕ್ ಒಂದೇ. ಇದುವರೆಗೆ ಫೋನಿನಲ್ಲೇ ಧ್ವನಿಮುದ್ರಿಸುತ್ತಿದ್ದೆ. ಈಗ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್, ಬೇಕಾಗಿದೆ. ಬೆಹ್ರಿಂಗರ್ ಯುಎಂಸಿ22, ಅದೇ ಕಂಪನಿಯ ಯುಎಂಸಿ204ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಮತ್ತು 2ಐ2, ಈ ನಾಲ್ಕರಲ್ಲಿ ಯಾವುದನ್ನು ಕೊಳ್ಳಬೇಕೆಂದು ತೋಚುತ್ತಿಲ್ಲ. ಕೈಯಲ್ಲಿ ಹಣ ಹೆಚ್ಚಿಲ್ಲ, ಆದರೆ ಆರು ತಿಂಗಳಿಗೇ ಬದಲಿಸುವಂತಾಗಬಾರದು. ಬಲ್ಲವರು ತಿಳಿಸಿ.

ತಂತಿಮೀಟು: ಯುಎಂಸಿ22 ಅನ್ನು ಮೊದಲು ಕೈಬಿಡಿ. ಅದು 16 ಬಿಟ್, 48 ಕಿಲೋಹರ್ಟ್ಸ್‌ಗೇ ನಿಂತುಬಿಡುತ್ತದೆ. ಉಳಿದ ಮೂರೂ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಹೋಗುತ್ತವೆ. ಬಿಟ್ ಎಂದರೆ ಧ್ವನಿಯ ಪ್ರತಿ ಮಾದರಿಯನ್ನು ಅಳೆಯುವ ಸೂಕ್ಷ್ಮತೆ, ಕಿಲೋಹರ್ಟ್ಸ್‌ನಲ್ಲಿ ಹೇಳುವ ಸ್ಯಾಂಪಲ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಮಾದರಿ ಎಂಬುದು. ಸ್ಯಾಂಪಲ್ ರೇಟ್ ಹೆಚ್ಚಿದಷ್ಟೂ ಧ್ವನಿ ನೈಜವಾಗುತ್ತದೆ. ಗಿಟಾರಿನ ತಂತಿಯನ್ನು ಉಗುರು ತಾಕುವ ಆ ಕ್ಷಣದ ಶಬ್ದ 48ರಲ್ಲಿ ಮೊಂಡಾಗಿಯೇ ಕೇಳಿಸುತ್ತದೆ.

ಅಲೆಲೆಕ್ಕ: "ಸ್ಯಾಂಪಲ್ ರೇಟ್ ಹೆಚ್ಚಿದಷ್ಟೂ ಧ್ವನಿ ನೈಜ" ಎಂಬ ಮಾತನ್ನು ಒಪ್ಪಲಾಗದು. 48 ಕಿಲೋಹರ್ಟ್ಸ್‌ನಲ್ಲಿ 24 ಕಿಲೋಹರ್ಟ್ಸ್‌ಗಿಂತ ಕೆಳಗಿನ ಕಂಪನಗಳನ್ನೆಲ್ಲ ಹಿಡಿಯಬಹುದು, ಎಳೆಯ ಕಿವಿಗೂ ಕೇಳಿಸುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ ಮಾತ್ರ. ಇದು ನನ್ನ ಅಭಿಪ್ರಾಯವಲ್ಲ, ನೈಕ್ವಿಸ್ಟ್ ಮತ್ತು ಶ್ಯಾನನ್ ಹೆಸರಿನ ಪ್ರಮೇಯ. 24 ಬಿಟ್‌ನ ಒಂದು ಟ್ರ್ಯಾಕ್ 48ರಲ್ಲಿ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಆದರೆ 192ರಲ್ಲಿ 34.6 ಮೆಗಾಬೈಟ್ ಆಗುತ್ತದೆ. ಕೇಳಿಸದ ಶಬ್ದಕ್ಕಾಗಿ ಡಿಸ್ಕ್ ತುಂಬಿಸುವ ಸಲಹೆಯನ್ನು ಹೊಸಬರಿಗೆ ಕೊಡಬೇಡಿ.

ತಂತಿಮೀಟು: ಡಿಸ್ಕ್ ತುಂಬುವ ಚಿಂತೆಯನ್ನು ಮುಂದಿಟ್ಟುಕೊಂಡು ಧ್ವನಿಯ ಗುಣಮಟ್ಟವನ್ನು ಅಳೆಯುವವರೊಂದಿಗೆ ವಾದಿಸುವುದು ಕಷ್ಟ. ಲೇಟೆನ್ಸಿಯ, ಅಂದರೆ ಧ್ವನಿ ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಮರಳುವಾಗಿನ ತಡದ, ವಿಷಯವನ್ನು ತಾವೇಕೆ ಎತ್ತಲಿಲ್ಲ? ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಗುಂಪೇ ಬಫರ್. 128 ಸ್ಯಾಂಪಲ್‌ಗಳ ಬಫರ್ 48ರಲ್ಲಿ 2.7 ಮಿಲಿಸೆಕೆಂಡ್ ತೆಗೆದುಕೊಂಡರೆ 192ರಲ್ಲಿ 0.7 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಇದೂ ಲೆಕ್ಕವೇ.

ಮೌನಕೋಣೆ: ಸ್ಯಾಂಪಲ್ ರೇಟಿನ ಜಗಳದಲ್ಲಿ ಕೇಳಿದವರ ಮೈಕನ್ನೇ ಮರೆತಿದ್ದೀರಿ. ಎಸ್‌ಎಂ58 ಡೈನಾಮಿಕ್ ಮೈಕ್. ಅದರ ಸಂವೇದನೆ ಮೈನಸ್ 54.5 ಡಿಬಿವಿ, ಅಂದರೆ ಅದರಿಂದ ಹೊರಡುವ ಸಿಗ್ನಲ್ ಬಹಳ ಕ್ಷೀಣ. ಮೆಲ್ಲನೆ ಹಾಡುವವರಿಗೆ 60 ಡೆಸಿಬೆಲ್ ಸುತ್ತಮುತ್ತಲಿನ ಗೇನ್, ಅಂದರೆ ಸಿಗ್ನಲ್ ವರ್ಧನೆ, ಬೇಕಾಗುತ್ತದೆ. ನಾಲ್ಕನೆಯ ತಲೆಮಾರಿನ 2ಐ2 ಕೊಡುವುದು 69 ಡೆಸಿಬೆಲ್, ಅದೇ ತಲೆಮಾರಿನ ಸೋಲೊ 57. ನನ್ನ ಹಳೆಯ ಇಂಟರ್‌ಫೇಸಿನಲ್ಲಿ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಹಸಿರು ದೀಪ ಮಿಣುಕುತ್ತಿತ್ತಷ್ಟೇ. ಹಾಡಿನ ಸಾಲುಗಳ ನಡುವೆ ಉಸಿರಿಗಿಂತ ದೊಡ್ಡದಾಗಿ ಸುಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಒಂದು ಇಡೀ ಹಾಡನ್ನು ಅದಕ್ಕಾಗಿಯೇ ಅಳಿಸಿಹಾಕಿದೆ, ಆ ಸಂಕಟ ಇವರಿಗೆ ಬೇಡ.

ಅಲೆಲೆಕ್ಕ: ಗೇನ್ ವಿಷಯಕ್ಕೆ ಆಮೇಲೆ ಬರೋಣ. "0.7 ಮಿಲಿಸೆಕೆಂಡ್" ಎಂದವರಿಗೆ ಉತ್ತರ ಕೊಡಬೇಕಾಗಿದೆ. ಆ 0.7 ಮಿಲಿಸೆಕೆಂಡ್‌ನೊಳಗೆ ಪ್ರೊಸೆಸರ್ ಅಷ್ಟೇ ಸ್ಯಾಂಪಲ್‌ಗಳ ಕೆಲಸ ಮುಗಿಸಬೇಕು. ಮುಗಿಯದಿದ್ದರೆ ಚಟಪಟ ಸದ್ದು ಬರುತ್ತದೆ, ಕೊನೆಗೆ ಬಫರನ್ನು 512ಕ್ಕೆ ಏರಿಸಿ ಮೊದಲಿದ್ದಲ್ಲಿಗೇ ಮರಳುತ್ತೀರಿ. ಹೋಗಲಿ, 2.7 ಮಿಲಿಸೆಕೆಂಡ್ ಎಂದರೆ ಶಬ್ದ ಗಾಳಿಯಲ್ಲಿ ಒಂದು ಮೀಟರಿಗಿಂತ ಕಡಿಮೆ ದೂರ ಸಾಗುವ ಹೊತ್ತು. ಮೂರು ಮೀಟರ್ ಆಚೆಯ ಆಂಪ್ಲಿಫೈಯರ್ ಕೇಳಿಕೊಂಡು ನುಡಿಸುವವರು ಯಾರೂ ತಾಳ ತಪ್ಪುವುದಿಲ್ಲ.

ತಂತಿಮೀಟು: ಬಫರ್ ಒಂದೇ ಲೇಟೆನ್ಸಿ ಅಲ್ಲ ಎಂಬುದನ್ನು ಮರೆತು ಮೀಟರಿನ ಲೆಕ್ಕ ಹೇಳುತ್ತಿದ್ದೀರಿ. ಒಳಬರುವ ಬಫರ್, ಹೊರಹೋಗುವ ಬಫರ್, ಪರಿವರ್ತಕ, ಡ್ರೈವರ್ ಎಲ್ಲವನ್ನೂ ಕೂಡಿಸಿದರೆ 2.7 ಎಂಬುದು ಸುಲಭವಾಗಿ ಎರಡು, ಮೂರು ಪಟ್ಟಾಗುತ್ತದೆ. ಅಲ್ಲದೆ ಹಾಡುಗಾರನಿಗೆ ತನ್ನ ಕಂಠ ತಲೆಬುರುಡೆಯ ಮೂಲಕವೂ ಆ ಕ್ಷಣವೇ ಕೇಳಿಸುತ್ತದೆ. ಹೆಡ್‌ಫೋನಿನಲ್ಲಿ ತಡವಾಗಿ ಬರುವ ಅದೇ ಧ್ವನಿ ಅದರೊಂದಿಗೆ ಬೆರೆತು ಟೊಳ್ಳಾಗಿ ಕೇಳುತ್ತದೆ. ನೀವು ಹಾಡಿ ನೋಡಿದ್ದೀರೋ ಇಲ್ಲವೋ ಎಂಬ ಅನುಮಾನ ನನಗೆ ಬರುತ್ತಿದೆ.

ಅಲೆಲೆಕ್ಕ: ನಾನು ಹಾಡುತ್ತೇನೋ ಇಲ್ಲವೋ ಎಂಬುದು ಪ್ರಮೇಯವನ್ನು ಬದಲಿಸುವುದಿಲ್ಲ. ವೈಯಕ್ತಿಕ ಮಾತು ಬೇಡ.

ಹಳೇಟೇಪು: ಟೊಳ್ಳಾಗಿ ಕೇಳುವುದಕ್ಕೆ ಪರಿಹಾರ ಇಂಟರ್‌ಫೇಸಿನ ಮೈಮೇಲೆಯೇ ಇದೆ, ಅದರ ಹೆಸರು ಡೈರೆಕ್ಟ್ ಮಾನಿಟರಿಂಗ್. ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗಿ ಮರಳುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಡ್ರೈವರ್ ಬಗ್ಗೆ. ವಿಂಡೋಸ್ ಬಳಸುವವರು ಧ್ವನಿಯ ತಡ ತಗ್ಗಿಸಲು ಕಂಪನಿಯೇ ಬರೆದ ಎಎಸ್‌ಐಒ ಡ್ರೈವರ್ ಇದೆಯೇ ಎಂದು ನೋಡದೆ ಕೊಳ್ಳಬಾರದು. ನಾನು ಹಿಂದೆ ಕೊಂಡಿದ್ದ ಒಂದು ಪೆಟ್ಟಿಗೆ ಆಪರೇಟಿಂಗ್ ಸಿಸ್ಟಂ ಬದಲಾದ ಮೇಲೆ ಹೊಸ ಡ್ರೈವರ್ ಸಿಗದೆ ಕಪಾಟು ಸೇರಿತು. ಅದರ ಪ್ರಿಆಂಪ್‌ಗೆ, ಅಂದರೆ ಮೈಕಿನ ಸಿಗ್ನಲ್ ವರ್ಧಿಸುವ ಭಾಗಕ್ಕೆ, ಏನೂ ಆಗಿರಲಿಲ್ಲ.

ತಂತಿಮೀಟು: "ಮರಳುವ ಮೊದಲೇ" ಎಂದಿರಿ. ಹಾಗಾದರೆ ಹಾಡುವಾಗ ಕಂಪ್ಯೂಟರಿನ ಪ್ಲಗಿನ್ ಸೇರಿಸುವ ರಿವರ್ಬ್, ಅಂದರೆ ಮಾರ್ದನಿ, ಹೇಗೆ ಕೇಳಿಸುತ್ತದೆ? ಒಣಧ್ವನಿಯನ್ನು ಕೇಳಿಕೊಂಡು ಭಾವ ತುಂಬುವುದು ಸಾಧ್ಯವಿಲ್ಲ.

ಹಳೇಟೇಪು: ಕಂಠ ನೇರವಾಗಿ, ರಿವರ್ಬ್ ಮಾತ್ರ ಕಂಪ್ಯೂಟರಿನಿಂದ ಬರುವಂತೆ ಮಾಡಿ. ರಿವರ್ಬ್ ಕೆಲವು ಮಿಲಿಸೆಕೆಂಡ್ ತಡವಾಗಿ ಬಂದರೆ ಕೋಣೆ ತುಸು ದೊಡ್ಡದಾದಂತೆ ಅನಿಸುತ್ತದೆ, ಅಷ್ಟೇ.

ಮೌನಕೋಣೆ: ಗೇನ್ ಬಗ್ಗೆ "ಆಮೇಲೆ ಬರೋಣ" ಎಂದವರು ಇನ್ನೂ ಬಂದಿಲ್ಲ.

ಅಲೆಲೆಕ್ಕ: ಬಂದೆ. 69 ಡೆಸಿಬೆಲ್ ಎಂಬ ಅಂಕಿಯೊಂದನ್ನೇ ಹಿಡಿದು ದುಬಾರಿಯದನ್ನು ಕೊಳ್ಳಿಸುವುದು ಸರಿಯಲ್ಲ. ಬಾಯಿಂದ ಒಂದು ಮೊಳ ದೂರವಿರುವ ಮೈಕನ್ನು ಒಂದು ಗೇಣಿಗೆ ತಂದರೆ 6 ಡೆಸಿಬೆಲ್ ಪುಕ್ಕಟೆಯಾಗಿ ಸಿಗುತ್ತದೆ. 24 ಬಿಟ್‌ನಲ್ಲಿ ಗರಿಷ್ಠ ಮಟ್ಟ ಮೈನಸ್ 18 ಡೆಸಿಬೆಲ್‌ನಲ್ಲೇ ಇದ್ದರೂ ತೊಂದರೆಯಿಲ್ಲ, ಆಮೇಲೆ ಏರಿಸಿಕೊಳ್ಳಬಹುದು.

ಮೌನಕೋಣೆ: ಆಮೇಲೆ ಏರಿಸಿದರೆ ಸುಂಯ್ ಸದ್ದೂ ಏರುತ್ತದೆ. ಮೈಕ್ ಹತ್ತಿರ ಬಂದರೆ ಮಂದ್ರವೂ ಉಬ್ಬುತ್ತದೆ. ಈ ಎರಡನ್ನೂ ಬಿಟ್ಟು ಆರು ಡೆಸಿಬೆಲ್ ಒಂದನ್ನೇ ಹೇಳಿದ್ದೀರಿ.

ಹೊಸಕಂಠ: ಎಲ್ಲರಿಗೂ ವಂದನೆಗಳು, ಆದರೆ ನನ್ನ ಗೊಂದಲ ಹೆಚ್ಚಿದೆ. ಮುಂದೆ ಇನ್ನೊಂದು ಮೈಕ್ ಕೊಂಡು ಕಂಠ ಮತ್ತು ಗಿಟಾರ್ ಎರಡನ್ನೂ ಒಟ್ಟಿಗೇ ಧ್ವನಿಮುದ್ರಿಸಬೇಕೆಂದರೆ ಸೋಲೊ ಸಾಕಾಗುತ್ತದೆಯೇ?

ಹಳೇಟೇಪು: ಸಾಕಾಗುವುದಿಲ್ಲ. ಸೋಲೊದಲ್ಲಾಗಲಿ ಯುಎಂಸಿ22ರಲ್ಲಾಗಲಿ ಮೈಕ್ ಪ್ರಿಆಂಪ್ ಇರುವುದು ಒಂದೇ, ಎರಡನೆಯ ಇನ್‌ಪುಟ್ ಮೈಕಿಗಲ್ಲ, ಎಲೆಕ್ಟ್ರಿಕ್ ಗಿಟಾರಿನಂತಹ ವಾದ್ಯಕ್ಕೆ. ಇದನ್ನು ಮೊದಲೇ ಕೇಳಿದ್ದರೆ ಮೇಲಿನ ಅರ್ಧ ಮಾತುಗಳೇ ಬೇಕಿರಲಿಲ್ಲ. ಪಟ್ಟಿಯಲ್ಲಿ ಉಳಿಯುವುದು 204ಎಚ್‌ಡಿ ಮತ್ತು 2ಐ2 ಮಾತ್ರ. ಎರಡಕ್ಕೂ ತಮ್ಮದೇ ಡ್ರೈವರ್ ಇದೆ, ಎರಡೂ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ ಮೂಲಕವೇ ವಿದ್ಯುತ್, ಕೊಡುವುದರಿಂದ ಮುಂದೆ ಆ ವಿದ್ಯುತ್ ಬೇಕಾಗುವ ಕಂಡೆನ್ಸರ್ ಮೈಕನ್ನೂ ಸೇರಿಸಬಹುದು.

ಮೌನಕೋಣೆ: ಮೆಲ್ಲನೆ ಹಾಡುವವರಾದರೆ 2ಐ2, ಅದರಲ್ಲೂ ನಾಲ್ಕನೆಯ ತಲೆಮಾರಿನದು. ಹಳೆಯ ತಲೆಮಾರಿನದಕ್ಕೆ ಇಷ್ಟು ಗೇನ್ ಇಲ್ಲ, ಹಿಂದಿನ ಮೂರನೆಯದರದು 56.

ಹೊಸಕಂಠ: ನಾನು ಮೆಲ್ಲನೆಯೇ ಹಾಡುತ್ತೇನೆ. ಇನ್ನೊಂದು ತಿಂಗಳು ಕಾದು 2ಐ2 ಕೊಳ್ಳುತ್ತೇನೆ.

ತಂತಿಮೀಟು: ಒಳ್ಳೆಯ ಆಯ್ಕೆ. ಅದರಲ್ಲಿ 192 ಕಿಲೋಹರ್ಟ್ಸ್ ಇದೆ, ನಾನು ಮೊದಲಿನಿಂದ ಹೇಳುತ್ತಿದ್ದುದೂ ಅದನ್ನೇ.

ಅಲೆಲೆಕ್ಕ: ಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ 48 ಎಂದು ಇಡಿ.