ಬೂದಿಯ ಜರಡಿ, ಕೊನೆಗೆ ಕೊಟ್ಟ ಪುಸ್ತಕ

(ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಅಕ್ಕನ ಮಗಳು ನಮ್ಮ ಮನೆಯವರ ಗುಂಪಿಗೆ ಕಳುಹಿಸಿದ ಒಂದು ಚಿತ್ರದ ಕೆಳಗೆ ನಡೆದ ಮಾತುಕತೆ)

ಚಿಕ್ಕಪ್ಪ, ಮಂಡ್ಯ: ಚಿತ್ರ ನೋಡಿದೆ. ಕಿತ್ತಳೆ ಬಣ್ಣದ ಅಂಗಿಯವರು ಪಕ್ಕದ ಆಲ್ಟಡೀನಾದಲ್ಲಿ ಕಾಡ್ಗಿಚ್ಚಿಗೆ ಸುಟ್ಟ ಮನೆಯ ಬೂದಿಯನ್ನು ಜರಡಿ ಹಿಡಿಯುತ್ತಿದ್ದಾರೆ, ಸಂತೋಷ. ಆದರೆ ಇವರು ಸಮಾರಿಟನ್ಸ್ ಪರ್ಸ್ ಎಂಬ ಕ್ರೈಸ್ತ ಸಂಸ್ಥೆಯವರು. ಅದರ ಮುಖ್ಯಸ್ಥರು ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರ ಮಗ. ಕೆಲಸ ಮುಗಿದ ಮೇಲೆ ಎಲ್ಲರೂ ಸಹಿ ಹಾಕಿದ ಬೈಬಲ್ಲನ್ನು ಮನೆಯವರ ಕೈಗಿಡುತ್ತಾರೆ. ಮನೆ ಸುಟ್ಟುಹೋಗಿ ಬೀದಿಯಲ್ಲಿ ನಿಂತವರಿಗೆ ಬೇಡ ಎನ್ನುವ ತ್ರಾಣ ಎಲ್ಲಿರುತ್ತದೆ?

ಭಾವ, ಕುವೆಂಪುನಗರ: ಗಾಳಕ್ಕೆ ಎರೆಹುಳು ಸಿಕ್ಕಿಸಿದ ಹಾಗೆ.

ಅತ್ತೆ, ಸರಸ್ವತಿಪುರಂ: ತಮ್ಮ, ನೀನು ಪುಸ್ತಕವನ್ನು ನೋಡಿದೆ, ಜರಡಿಯನ್ನು ನೋಡಲಿಲ್ಲ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು ನಾನು, ಸ್ವಲ್ಪ ತಾಳ್ಮೆಯಿಂದ ಓದು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಸುಟ್ಟಾಗ ಕಾರಿನ ಚಕ್ರಗಳು ಕರಗಿ ನೆಲದ ಮೇಲೆ ತೊರೆಯಂತೆ ಹರಿದು ಹೆಪ್ಪುಗಟ್ಟಿದ್ದವು. ಚಿನ್ನಕ್ಕೆ 1064 ಡಿಗ್ರಿ ಬೇಕು. ಕುಲುಮೆಯಲ್ಲಿ ಮೊದಲೇ ಬೆಂದಿರುವ ಪಿಂಗಾಣಿಯೂ ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಆದ್ದರಿಂದ ಉಂಗುರವೋ ಬಟ್ಟಲೋ ಸಿಕ್ಕೀತೆಂಬ ಆಸೆ ಹುಚ್ಚಲ್ಲ. ಆದರೆ ಅದು ನಮ್ಮ ಸೌದೆ ಒಲೆಯ ಬೂದಿಯಲ್ಲ. ಸೀಸ, ಆರ್ಸೆನಿಕ್, ಹಳೆಯ ಮನೆಗಳ ಆಸ್ಬೆಸ್ಟಾಸ್ ಎಲ್ಲ ಅದರಲ್ಲಿ ಬೆರೆತಿರುತ್ತವೆ. ಕೊನೆಗೆ ಯಂತ್ರಗಳು ಬಂದು ಮೇಲ್ಮಣ್ಣಿನ ಸಮೇತ ನಿವೇಶನವನ್ನು ಕೆರೆದು ಲಾರಿಗೆ ತುಂಬುತ್ತವೆ. ಆ ಲಾರಿ ಬರುವುದಕ್ಕೆ ಮುಂಚೆ, ಮುಖಗವಸು ಕಟ್ಟಿಕೊಂಡು, ಗಾರೆಯವರು ಮರಳು ಸೋಸುವಂಥ ಚೌಕಟ್ಟಿನ ಮುಂದೆ ಮಂಡಿಯೂರಿ, ಗುರುತು ಪರಿಚಯವಿಲ್ಲದವರ ಬೂದಿಯನ್ನು ಹಿಡಿಹಿಡಿಯಾಗಿ ಸೋಸುವವರು ಯಾರು? ವಿಮಾ ಕಂಪನಿಯವರಲ್ಲ, ಸರ್ಕಾರದವರೂ ಅಲ್ಲ.

ಚಿಕ್ಕಪ್ಪ: ಅಕ್ಕ, ಜರಡಿಯ ಬಗ್ಗೆ ನನ್ನ ತಕರಾರಿಲ್ಲ. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ದಾಸೋಹ ನಡೆಯುತ್ತದೆ, ಸುತ್ತೂರು ಜಾತ್ರೆಯಲ್ಲಿ ಲಕ್ಷಾಂತರ ಜನ ಪಂಕ್ತಿಯಲ್ಲಿ ಕೂರುತ್ತಾರೆ. ಊಟ ಮುಗಿಸಿ ಎದ್ದವರ ಕೈಗೆ ಯಾರಾದರೂ ಗ್ರಂಥ ಕೊಟ್ಟಿದ್ದನ್ನು ನೀನು ಕಂಡಿದ್ದೀಯಾ?

ನಾನು: ಚಿಕ್ಕಪ್ಪ, ಓದುವಾಗ ನೀವು ಇದ್ದ ಹಾಸ್ಟೆಲಿನ ಹೆಸರು ಇಲ್ಲಿ ಬೇಡ. ಆದರೆ ಸಂಜೆಯ ಪ್ರಾರ್ಥನೆಗೆ ತಪ್ಪಿಸಿಕೊಂಡವರು ಊಟದ ಸಾಲಿನ ಕೊನೆಯಲ್ಲಿ ನಿಂತು ತಳ ಹತ್ತಿದ ಸಾರು ತಿನ್ನಬೇಕಾಗಿತ್ತೆಂದು ಪ್ರತಿ ಹಬ್ಬದಲ್ಲಿ ನಗುತ್ತಾ ಹೇಳುವವರು ನೀವೇ.

ಚಿಕ್ಕಪ್ಪ: ಅದು ಶಿಸ್ತು.

ನಾನು: ನಮ್ಮವರು ಮಾಡಿದರೆ ಶಿಸ್ತು, ಅವರು ಮಾಡಿದರೆ ಗಾಳವೇ? ಅಲ್ಲಿ ಜರಡಿ ಹಿಡಿಯುವ ಮುಂಚೆ ಪ್ರಾರ್ಥನೆಗೆ ಬನ್ನಿ ಎಂದಿದ್ದರೆ ನಾನೂ ನಿಮ್ಮ ಪಕ್ಷವೇ.

ಅತ್ತೆ: ಹಾಗಂತ ತಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮೈಸೂರಿನಲ್ಲಿ ಸಂಗ್ರಹವಾದ ಬಟ್ಟೆಗಳನ್ನು ವಿಂಗಡಿಸಲು ನಾನು ಮೂರು ದಿನ ಕೂತಿದ್ದೆ. ಒಂದು ಮೂಟೆಯಲ್ಲಿ ಹರಿದ ದಿಂಬಿನ ಚೀಲ, ಕೊಂಡಿ ಕಿತ್ತ ರವಿಕೆಗಳು, ಅವುಗಳ ನಡುವೆ ಜಡೆಗೆ ಕಟ್ಟುವ ಜರಿ ಕುಚ್ಚು. ಕೊಟ್ಟವರಿಗೆ ಬೀರು ಖಾಲಿಯಾಯಿತು, ಪುಣ್ಯವೂ ಬಂತು. ಪಡೆಯುವವರಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ. ಪುಸ್ತಕ ಕೊಡುವುದರಲ್ಲೂ ಆ ದೋಷ ಇದ್ದೀತು. ತೈವಾನಿನ ತ್ಸು ಚಿ ಎಂಬ ಬೌದ್ಧ ಸಂಸ್ಥೆಯವರನ್ನು ನೋಡು. 1966ರಲ್ಲಿ ಚೆಂಗ್ ಯೆನ್ ಎಂಬ ಭಿಕ್ಷುಣಿ ಮೂವತ್ತು ಜನ ಗೃಹಿಣಿಯರಿಂದ ಸಂತೆಗೆ ಹೋಗುವ ಮುಂಚೆ ದಿನಕ್ಕೆ ಐವತ್ತು ಸೆಂಟ್‌ನಂತೆ ಬಿದಿರಿನ ಹುಂಡಿಗೆ ಹಾಕಿಸಿ ಕಟ್ಟಿದ ಸಂಸ್ಥೆ ಅದು. ಪ್ಯಾರಡೈಸಿನ ಸಂತ್ರಸ್ತರಿಗೆ ಅವರು ಕೊಟ್ಟದ್ದು ಹಣ ತುಂಬಿದ ಕಾರ್ಡು. ಚಪ್ಪಲಿ ಕೊಳ್ಳಬೇಕೋ ಔಷಧಿ ಕೊಳ್ಳಬೇಕೋ ಎಂಬ ತೀರ್ಮಾನ ಪಡೆದವರದು. ನನ್ನ ಮಟ್ಟಿಗೆ ಅದು ಒಂದು ತೂಕ ಹೆಚ್ಚು.

ಭಾವ: ಹಣ ಕೊಟ್ಟರೆ ದುರುಪಯೋಗವಾಗುತ್ತದೆ.

ಅತ್ತೆ: ನಿಮ್ಮ ಸಂಬಳದ ಲೆಕ್ಕವನ್ನು ಕಂಪನಿಯವರು ಕೇಳುತ್ತಾರೆಯೇ?

ಅಕ್ಕನ ಮಗಳು, ಪಸಡೀನಾ: ಈಗಷ್ಟೇ ಎದ್ದೆ, ನನ್ನ ಒಂದು ಚಿತ್ರಕ್ಕೆ ಇಷ್ಟು ದೊಡ್ಡ ಪಂಚಾಯಿತಿ ಎಂದುಕೊಂಡಿರಲಿಲ್ಲ. 2025ರ ಜನವರಿ 7ರ ಸಂಜೆ ಶುರುವಾದ ಈಟನ್ ಎಂಬ ಈ ಕಾಡ್ಗಿಚ್ಚು 9,400ಕ್ಕೂ ಹೆಚ್ಚು ಕಟ್ಟಡಗಳನ್ನು ನಾಶ ಮಾಡಿತು. ಆಲ್ಟಡೀನಾದ ಮಸೀದಿ, ಪಸಡೀನಾದ ಯಹೂದಿ ಮಂದಿರ, ಹಲವು ಚರ್ಚುಗಳು ಉಳಿಯಲಿಲ್ಲ. ಮಂದಿರದವರು ತಮ್ಮ ಧರ್ಮಗ್ರಂಥವಾದ ಟೋರಾದ ಸುರುಳಿಗಳನ್ನು ಮಾತ್ರ ಹೊತ್ತು ಹೊರಗೆ ತಂದಿದ್ದರು. ಚಿತ್ರದಲ್ಲಿ ಬೆನ್ನು ತೋರಿಸಿ ನಿಂತಿರುವ ಅಜ್ಜಿ ನಮ್ಮ ಕಚೇರಿಯ ಗೆಳತಿಯ ತಾಯಿ, ಅದೇ ಮಂದಿರಕ್ಕೆ ಹೋಗುತ್ತಿದ್ದವರು. ಅವರ ಮದುವೆಯ ಉಂಗುರಕ್ಕಾಗಿ ಕಿತ್ತಳೆ ಅಂಗಿಯವರು ಅರ್ಧ ದಿನ ಸೋಸಿದರು, ಸಿಗಲಿಲ್ಲ. ಸಿಕ್ಕಿದ್ದು ಮಗ ಒಂದನೇ ತರಗತಿಯಲ್ಲಿ ಮಾಡಿದ್ದ ಪಿಂಗಾಣಿ ಲೋಟದ ಹಿಡಿ. ಪುಸ್ತಕವನ್ನೂ ಕೊಟ್ಟರು. ಅಜ್ಜಿ ಕೈ ಮುಗಿದ ಹಾಗೆ ತಲೆಬಾಗಿ ತೆಗೆದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿಟ್ಟರು. ಲೋಟದ ಹಿಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು.