ರೇಸ್ ಕೊಟ್ಟರೂ ಏಳದ ಪಿಕಪ್: ಪಿ2138 ಬಂದರೆ ಥ್ರಾಟಲ್ ಬಾಡಿ ಬದಲಿಸಲೇಬೇಕಾ?

ಆಲ್ದೂರು_ಲೋಡ್‌ಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡೀಸೆಲ್ ಪಿಕಪ್, ಬಿಎಸ್4. ಕೊಯ್ಲಿನ ಸಮಯದಲ್ಲಿ ಆಲ್ದೂರು ಸುತ್ತಿನ ತೋಟಗಳಿಂದ ಚಿಕ್ಕಮಗಳೂರಿಗೆ ಕಾಫಿ ಹೊಡೆಯುತ್ತೇನೆ. ಈಗ ಮಳೆಗಾಲ, ಗೊಬ್ಬರ, ಸಿಮೆಂಟು, ಸಿಕ್ಕಿದ ಬಾಡಿಗೆ.

ಮಳೆ ಹಿಡಿದಾಗಿನಿಂದ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಡಲ್ ಸತ್ತೇ ಹೋಗುತ್ತದೆ. ಪೂರ್ತಿ ತುಳಿದರೂ ಏನೂ ಇಲ್ಲ. ಎಂಜಿನ್ ಆಫ್ ಆಗುವುದಿಲ್ಲ, 1,200 ಆರ್‌ಪಿಎಂ ಹತ್ತಿರ ಸುಮ್ನೆ ಗುಂಯ್ ಅಂತ ನಿಂತುಬಿಡುತ್ತದೆ. ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಲೋಡ್ ಇದ್ದಾಗ, ಏರು ಹತ್ತುವಾಗ ಜಾಸ್ತಿ ಅಂತ ನನಗೆ ಅನಿಸುತ್ತದೆ.

ಒಂದು ಕಡೆ ಸ್ಕ್ಯಾನ್ ಹಾಕಿಸಿದೆ. ಪಿ2138 ಅಂತ ತಪ್ಪಿನ ಕೋಡ್ ಬಂತು. ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯನ್ನು ಒಂದು ತಟ್ಟೆಯಿಂದ ತೆರೆದು ಮುಚ್ಚುವ ಭಾಗ) ಹೋಗಿದೆ, ಬದಲಾಯಿಸಬೇಕು ಅಂದರು. ಹೇಳಿದ ರೇಟ್ ಕೇಳಿ ಸುಮ್ಮನೆ ಎದ್ದು ಬಂದೆ. ನಿಜವಾಗಲೂ ಬದಲಾಯಿಸಲೇಬೇಕಾ? ತಿಳಿದವರು ಹೇಳಿ.

ಕಡೂರು_ಕಾಯಿಗಾಡಿ:

ಬದಲಾಯಿಸಬೇಡಿ ಅಣ್ಣ, ಸುಮ್ನೆ ದುಡ್ಡು ದಂಡ. ಥ್ರಾಟಲ್ ಬಾಡಿ ಬಿಚ್ಚಿ ಸ್ಪ್ರೇ ಹೊಡೆದು ಒರೆಸಿ. ನನ್ನ ಗಾಡಿಯಲ್ಲಿ ಕರಿ ಹಿಡಿದು ತಟ್ಟೆ ಅಂಟಿಕೊಳ್ಳುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತಿತ್ತು. ಕ್ಲೀನ್ ಮಾಡಿದ ಮೇಲೆ ಆಫ್ ಆಗುವುದು ನಿಂತಿದೆ. ನನ್ನದು ಪೆಟ್ರೋಲ್, ಚಿಕ್ಕ ಗಾಡಿ.

ಹಾಸನ_ವೈರಿಂಗ್:

ಆಲ್ದೂರಿನವರೇ, ಥ್ರಾಟಲ್ ಬಾಡಿಗೆ ಕೈ ಹಾಕಬೇಡಿ. ಬದಲಾಯಿಸುವುದೂ ಬೇಡ, ತೊಳೆಯುವುದೂ ಬೇಡ. ಈಗಲೇ ಬೇಡ.

ಕಡೂರಿನವರದು ಪೆಟ್ರೋಲ್, ನಿಮ್ಮದು ಡೀಸೆಲ್. ಎರಡಕ್ಕೂ ಥ್ರಾಟಲ್ ಬಾಡಿ ಇದೆ, ಕೆಲಸ ಮಾತ್ರ ಬೇರೆ ಬೇರೆ. ಪೆಟ್ರೋಲ್‌ನಲ್ಲಿ ಆ ತಟ್ಟೆ ಎಷ್ಟು ತೆರೆಯಿತೋ ಅಷ್ಟು ಗಾಳಿ, ಅಷ್ಟಕ್ಕೆ ತಕ್ಕ ಪೆಟ್ರೋಲ್, ಅಷ್ಟು ರೇಸ್. ಡೀಸೆಲ್‌ನಲ್ಲಿ ಓಡುವಾಗ ತಟ್ಟೆ ಹೆಚ್ಚು ಕಡಿಮೆ ತೆರೆದೇ ಇರುತ್ತದೆ. ಇಂಜೆಕ್ಟರ್ ಎಷ್ಟು ಡೀಸೆಲ್ ಬಿಟ್ಟಿತು ಅನ್ನುವುದರ ಮೇಲೆ ರೇಸ್ ನಿಂತಿದೆ. ಹಾಗಾದರೆ ತಟ್ಟೆ ಯಾಕೆ ಅಂದರೆ, ಇಜಿಆರ್ ಹೊಗೆಯನ್ನು (ಹೊರಗೆ ಹೋಗುವ ಹೊಗೆಯಲ್ಲಿ ಎಂಜಿನ್ನಿಗೆ ವಾಪಸ್ ಕೊಡುವ ಪಾಲು) ಒಳಗೆ ಎಳೆದುಕೊಳ್ಳಲು, ಮತ್ತೆ ಕೀ ಆಫ್ ಮಾಡಿದಾಗ ಎಂಜಿನ್ ಒದರಾಡದೆ ನಿಲ್ಲಲು. ಅಷ್ಟೇ.

ಪಿ2138 ಅಂದರೆ ಆಕ್ಸಿಲರೇಟರ್ ಪೆಡಲ್‌ನಿಂದ ಬರುವ ಎರಡು ಸಿಗ್ನಲ್ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಅಂತ. ಸ್ಕ್ಯಾನರ್ ಪರದೆಯ ಮೇಲೆ ಥ್ರಾಟಲ್, ಪೆಡಲ್ ಎರಡೂ ಒಂದೇ ಸಾಲಲ್ಲಿ ಬರುತ್ತವೆ. ಅರ್ಧ ಓದಿ ಥ್ರಾಟಲ್ ಬಾಡಿ ಅಂದಿದ್ದಾರೆ. ತಟ್ಟೆಯ ಸೆನ್ಸರ್‌ಗಳು ತಾಳೆ ಆಗದಿದ್ದರೆ ಪಿ2135 ಬರಬೇಕಿತ್ತು. ತಟ್ಟೆ ತಿರುಗಿಸುವ ಮೋಟಾರಿನ ತಕರಾರಾದರೆ ಪಿ2101 ತರದ್ದು ಬರಬೇಕಿತ್ತು. ನಿಮ್ಮದು ಎರಡೂ ಅಲ್ಲ.

ಪೆಡಲ್ ಒಳಗೆ ಎರಡು ಸೆನ್ಸರ್ ಇರುತ್ತವೆ. ಎರಡಕ್ಕೂ ಬೇರೆ ಬೇರೆ 5 ವೋಲ್ಟ್, ಬೇರೆ ಬೇರೆ ಅರ್ತ್, ಬೇರೆ ಬೇರೆ ಸಿಗ್ನಲ್ ವೈರ್. ಒಟ್ಟು ಆರು. ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಎರಡನೆಯದು ಮೊದಲನೆಯದರ ಸರಿಯಾಗಿ ಅರ್ಧ ವೋಲ್ಟೇಜ್ ಕೊಡುತ್ತದೆ. ಕಾಲು ಇಡದಿದ್ದಾಗ 0.75 ಮತ್ತು 0.37 ಹತ್ತಿರ, ಪೂರ್ತಿ ತುಳಿದರೆ 3.8 ಮತ್ತು 1.9 ಹತ್ತಿರ. ಈ ಅರ್ಧದ ಲೆಕ್ಕ ತಪ್ಪಿತೋ, ಯಾವುದನ್ನು ನಂಬುವುದು ಅಂತ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಗೊತ್ತಾಗುವುದಿಲ್ಲ. ಆಗ ಎರಡನ್ನೂ ಬಿಟ್ಟು ಒಂದೇ ಆರ್‌ಪಿಎಂ ಹಿಡಿದು ನಿಲ್ಲುತ್ತದೆ, ನೀವು ಹೇಗೋ ಗ್ಯಾರೇಜ್ ಸೇರಿಕೊಳ್ಳಿ ಅಂತ. ಕೇಬಲ್ ಗಾಡಿಗಳ ಕಾಲದಲ್ಲಿ ಕೇಬಲ್ ತುಂಡಾದರೆ ದಾರ ಕಟ್ಟಿ ಕಿಟಕಿಯಿಂದ ಎಳೆಯುತ್ತಾ ಮನೆಗೆ ತಂದವರಿದ್ದಾರೆ. ಈಗ ಆ ಆಟ ನಡೆಯುವುದಿಲ್ಲ.

ಮೊದಲು ಇಷ್ಟು ಹೇಳಿ:

ಕೋಡ್ ಬಿದ್ದ ಕ್ಷಣದ ರೀಡಿಂಗ್‌ಗಳನ್ನು ಇಸಿಯು ಬರೆದಿಟ್ಟುಕೊಂಡಿರುತ್ತದೆ. ಸ್ಕ್ಯಾನರ್‌ನಲ್ಲಿ ಫ್ರೀಜ್ ಫ್ರೇಮ್ ಅಂತ ಇರುತ್ತದೆ. ಸ್ಪೀಡು, ಪೆಡಲ್ ಶೇಕಡಾ, ಎಂಜಿನ್ ಬಿಸಿ ಎಷ್ಟಿತ್ತು ನೋಡಿ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ, ಅದಕ್ಕೇ ಅಳಿಸುವ ಮೊದಲು ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಇತ್ತೀಚೆಗೆ ಗಾಡಿಯ ಮೈಗೆ ಏನಾದರೂ ವೆಲ್ಡಿಂಗ್ ಮಾಡಿಸಿದಿರಾ? ಬ್ಯಾಟರಿ ಟರ್ಮಿನಲ್ ಬಿಚ್ಚದೆ ಕ್ಯಾರಿಯರ್ ವೆಲ್ಡ್ ಮಾಡಿಸಿಕೊಂಡು ಆಮೇಲೆ ನನ್ನ ಹತ್ತಿರ ಬರುವವರು ಬಹಳ. ಇಲಿ ಕಾಟ ಇದೆಯಾ? ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಬಿಸಿಲು ಬಿದ್ದ ದಿನವೂ ಹೀಗೇ ಆಗುತ್ತದಾ?

ಮಲ್ಟಿಮೀಟರ್ ಇದ್ದರೆ ಪೆಡಲ್ ಕಪ್ಲರ್ (ವೈರುಗಳನ್ನು ಸೆನ್ಸರ್‌ಗೆ ಜೋಡಿಸುವ ಪ್ಲಗ್) ಹಾಕಿರುವಾಗಲೇ, ಅದರ ಹಿಂದಿನಿಂದ ಸಣ್ಣ ಗುಂಡುಸೂಜಿ ತೂರಿಸಿ ಆರೂ ವೈರ್ ಅಳೆಯಿರಿ. ಕೀ ಆನ್, ಎಂಜಿನ್ ಆಫ್. ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ. ಸೂಜಿಗಳು ಒಂದಕ್ಕೊಂದು ತಾಗಬಾರದು. ವೈರಿನ ಮೈಗೆ ಚುಚ್ಚಬೇಡಿ, ನಿಮ್ಮ ಕಡೆಯ ಮಳೆಗೆ ಆ ತೂತಿನಿಂದಲೇ ಮುಂದಿನ ವರ್ಷದ ಕಂಪ್ಲೇಂಟ್ ಶುರುವಾಗುತ್ತದೆ. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಅಂತೂ ಇಸಿಯು ವೈರಿಗೆ ಮುಟ್ಟಿಸಲೇಬೇಡಿ.

ಸಕಲೇಶಪುರ_ಘಾಟಿ:

ನನಗೂ ಒಮ್ಮೆ ಶಿರಾಡಿಯಲ್ಲಿ ರೇಸ್ ಹೋಗಿತ್ತು. ಕೋಡ್ ಬೇರೆ, ಪಿ0504. ಬ್ರೇಕ್ ಪೆಡಲ್ ಸ್ವಿಚ್ಚು. ಬ್ರೇಕ್ ಒತ್ತಿದ್ದಾರೆ ಅಂತ ಇಸಿಯುಗೆ ಅನಿಸಿದರೆ ರೇಸ್ ಕಡಿಮೆ ಮಾಡುತ್ತದೆ. ಹಿಂದಿನ ಬ್ರೇಕ್ ಲೈಟು ಸುಮ್ಮನೆ ಉರಿಯುತ್ತಿದೆಯಾ ಅಂತಲೂ ನೋಡಿ.

ಇನ್ನೊಂದು ಮಾತು. ಕೀ ಆಫ್ ಮಾಡಿ ಆನ್ ಮಾಡುವುದನ್ನು ಇಳಿಜಾರಿನಲ್ಲಿ ಗಾಡಿ ಉರುಳುತ್ತಿರುವಾಗ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕ್‌ಗೆ ಬಲ ಕೊಡುವ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗೂ ಭಾರ. ಚಾರ್ಮಾಡಿ ಕಡೆ ಹೋಗುವವರಾದರೆ ಇದು ಸರಿ ಆಗುವವರೆಗೆ ಹೋಗಲೇಬೇಡಿ.

ಆಲ್ದೂರು_ಲೋಡ್‌ಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ಬ್ರೇಕ್ ಲೈಟ್ ಸರಿ ಇದೆ. ವೆಲ್ಡಿಂಗ್ ಮಾಡಿಸಿಲ್ಲ. ಇಲಿ ಕಡಿದ ಗುರುತು ಎಲ್ಲೂ ಕಾಣಲಿಲ್ಲ. ಗಾಡಿ ನಿಲ್ಲುವುದು ತೋಟದ ಲೈನ್ ಮನೆಗಳ ಪಕ್ಕ, ಸಿಲ್ವರ್ ಓಕ್ ಮರಗಳ ಕೆಳಗೆ. ಶೆಡ್ ಇಲ್ಲ. ಬಿಸಿಲಿನ ದಿನದ ಬಗ್ಗೆ ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ನಡುವೆ ಮಳೆ ಬಿಡುವು ಕೊಟ್ಟಾಗ ಒಮ್ಮೆಯೂ ಕೈಕೊಟ್ಟಿಲ್ಲ.

ಪರಿಚಯದ ಹುಡುಗನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇತ್ತು. ಫ್ರೀಜ್ ಫ್ರೇಮ್‌ನಲ್ಲಿ ಸ್ಪೀಡ್ 22, ಪೆಡಲ್ 14 ಶೇಕಡಾ, ಕೂಲೆಂಟ್ 38 ಡಿಗ್ರಿ.

ಮೀಟರ್ ರೀಡಿಂಗ್: 5 ವೋಲ್ಟ್ ವೈರ್ ಎರಡೂ 5.0. ಅರ್ತ್ ಎರಡೂ 0.02. ಮೊದಲ ಸಿಗ್ನಲ್ ಕಾಲು ಇಡದೆ 0.74, ಪೂರ್ತಿ ತುಳಿದರೆ 3.80. ಎರಡನೆಯದು ಕಾಲು ಇಡದೆ 0.58, ಪೂರ್ತಿ ತುಳಿದರೆ 2.03. ಕಪ್ಲರ್ ಅಲ್ಲಾಡಿಸಿದರೆ ಎರಡನೆಯದು ಕುಣಿಯುತ್ತದೆ. ಪೆಡಲ್ ಸೆನ್ಸರ್ ಹೊಸದು ತರಿಸಲಾ?

ಹಾಸನ_ವೈರಿಂಗ್:

ತಡೆಯಿರಿ, ತರಿಸಬೇಡಿ. ಇಷ್ಟು ಚೆನ್ನಾಗಿ ಅಳೆದು ಬರೆಯುವವರು ಸಿಗುವುದೇ ಅಪರೂಪ. ಅಳೆದದ್ದನ್ನು ಓದೋಣ.

ಲೋಡು, ಏರು ಅನ್ನುವ ಅನುಮಾನ ಮೊದಲು ಬಿಡಿ. ಪೆಡಲ್ 14 ಶೇಕಡಾ ಅಂದರೆ ಕಾಲು ಇಟ್ಟದ್ದಷ್ಟೇ. ಕೂಲೆಂಟ್ 38 ಅಂದರೆ ಎಂಜಿನ್ ಇನ್ನೂ ತಣ್ಣಗೆ, ಮನೆ ಬಿಟ್ಟು ಹೆಚ್ಚು ದೂರ ಬಂದಿಲ್ಲ. ರಾತ್ರಿ ಮಳೆ, ಬೆಳಿಗ್ಗೆ ಕಂಪ್ಲೇಂಟ್, ಬಿಸಿಲಿಗೆ ಮಾಯ. ಇದು ನೀರಿನ ಕೆಲಸ.

ಎರಡನೇ ಸಿಗ್ನಲ್ 0.37 ಇರಬೇಕಾದ ಕಡೆ 0.58 ಇದೆ, 0.21 ಜಾಸ್ತಿ. ಪೂರ್ತಿ ತುಳಿದಾಗ 1.90 ಇರಬೇಕಾದ ಕಡೆ 2.03, ಜಾಸ್ತಿ ಬರೀ 0.13. ತುಳಿದಷ್ಟೂ ತಪ್ಪು ಕಡಿಮೆ ಆಗುತ್ತಿದೆ, ಅಲ್ವಾ? ಕಾರ್ಬನ್ ಪಟ್ಟಿಯ ಸೆನ್ಸರ್‌ನಲ್ಲಿ (ಪಟ್ಟಿಯ ಕೆಳತುದಿಗೆ ಅರ್ತ್, ಮೇಲ್ತುದಿಗೆ 5 ವೋಲ್ಟ್, ತುಳಿದ ಹಾಗೆ ಸಿಗ್ನಲ್ ಕಡ್ಡಿ ಅದರ ಮೇಲೆ ಸರಿಯುತ್ತದೆ) ಇದು ಅರ್ತ್ ಕಡೆಯ ತಡೆ. ಅರ್ತ್ ಸರಿಯಾಗಿ ಸಿಗದಿದ್ದರೆ ಪಟ್ಟಿಯ ಕೆಳತುದಿಯ ವೋಲ್ಟೇಜ್ ಮೇಲಕ್ಕೆ ಎದ್ದು ಕೂರುತ್ತದೆ. ಕೆಳತುದಿಯ ಹತ್ತಿರ ಇರುವಾಗ ಅದು ಜಾಸ್ತಿ ಕಾಣುತ್ತದೆ, ಮೇಲೆ ಹೋದ ಹಾಗೆ ಕಡಿಮೆ. ತೊಂದರೆ 5 ವೋಲ್ಟ್ ಕಡೆ ಇದ್ದಿದ್ದರೆ ಸಿಗ್ನಲ್ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ತುಳಿದಷ್ಟೂ ಇನ್ನೂ ಜಾಸ್ತಿ ಇಳಿಯುತ್ತಿತ್ತು. ಪಟ್ಟಿ ಸವೆದಿದ್ದರೆ ಯಾವುದೋ ಒಂದು ಜಾಗದಲ್ಲಿ ಮಾತ್ರ ಮುಳ್ಳು ಹಾರುತ್ತಿತ್ತು, ಸಾಮಾನ್ಯವಾಗಿ ದಿನವಿಡೀ ಕಾಲು ನಿಲ್ಲುವ ಜಾಗದಲ್ಲೇ.

ಆದರೆ ಅರ್ತ್ ವೈರ್ ನೀವು ಅಳೆದಾಗ 0.02, ಚೊಕ್ಕವಾಗಿದೆ. ಸಿಗ್ನಲ್ ಮಾತ್ರ ಕೆಟ್ಟಿದೆ. ನಿಮ್ಮ ಸೂಜಿ ಇದ್ದದ್ದು ಕಪ್ಲರ್‌ನ ವೈರ್ ಕಡೆ. ಅಂದರೆ ತಡೆ ಇರುವುದು ಸೂಜಿಯಿಂದ ಆಚೆ: ಒಂದೋ ಪಿನ್ನು ಪಿನ್ನಿಗೆ ಮುಟ್ಟುವ ಜಾಗ, ಇಲ್ಲವೇ ಸೆನ್ಸರ್ ಒಳಗೆ. ಅಲ್ಲಾಡಿಸಿದರೆ ಕುಣಿಯುತ್ತದೆ ಅಂದ ಮೇಲೆ ನಾನು ಪಿನ್ನಿನ ಮೇಲೇ ದುಡ್ಡು ಕಟ್ಟುತ್ತೇನೆ.

ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಕಪ್ಲರ್ ಕಳಚಿ ಟಾರ್ಚ್ ಬಿಟ್ಟು ನೋಡಿ. ಬರೀ ಕ್ಲೀನ್ ಮಾಡಿ ಮುಚ್ಚಬೇಡಿ. ಪೆಡಲ್ ಇರುವುದು ಕ್ಯಾಬಿನ್ ಒಳಗೆ, ಅಲ್ಲಿಗೆ ನೀರು ಹೇಗೆ ಬಂತು ಅಂತ ಹುಡುಕಿ. ಸಿಲ್ವರ್ ಓಕ್ ಅಂದಿರಲ್ಲ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದು ನೋಡಿ.

ಆಲ್ದೂರು_ಲೋಡ್‌ಗಾಡಿ:

ಅಣ್ಣ, ಪಿನ್ನೇ.

ಕಪ್ಲರ್ ಕಳಚಿದಾಗ ಮೊದಲು ಒಂದು ಹನಿ ನೀರು ಕೆಳಗೆ ಬಿತ್ತು. ಆರರಲ್ಲಿ ಐದು ಪಿನ್ ಹೊಳೆಯುತ್ತಿದ್ದವು. ಕೆಳಗಿನ ಮೂಲೆಯದಕ್ಕೆ ಹಸಿರು ಪುಡಿ ಹಿಡಿದಿತ್ತು. ನೀವು ಹೇಳಿದ ಎರಡನೇ ಅರ್ತ್ ಅದೇ. ಸುತ್ತಲಿನ ರಬ್ಬರ್ ಸೀಲ್ ಒಂದು ಕಡೆ ಮಡಚಿ ಕೂತಿತ್ತು.

ಜಾಲರಿ ತೆಗೆದರೆ ಕೆಳಗೆ ಒಂದು ಬುಟ್ಟಿ ಓಕ್ ಎಲೆ, ಕೊಳೆತು ಗೊಬ್ಬರ ಆಗಿದೆ. ನೀರು ಹೋಗುವ ತೂತು ಪೂರ್ತಿ ಮುಚ್ಚಿತ್ತು. ಮಗ್ಗಿನಲ್ಲಿ ನೀರು ಹುಯ್ದು ನೋಡಿದೆವು. ತೊಟ್ಟಿಯ ಹಾಗೆ ನಿಂತು, ವೈರಿಂಗ್ ಒಳಗೆ ಹೋಗುವ ರಬ್ಬರ್ ಬುಶ್ ಪಕ್ಕದಿಂದ ಜಿನುಗಿ, ವೈರಿನ ಮೇಲೇ ಹರಿದು ನೇರ ಪೆಡಲ್ ಕಪ್ಲರ್‌ಗೆ ಇಳಿಯುತ್ತದೆ. ಕಣ್ಣಾರೆ ನೋಡಿದೆ. ಕಾಲಡಿ ಮ್ಯಾಟ್ ಯಾವಾಗಲೂ ಒದ್ದೆ ಇರುತ್ತಿತ್ತು, ಚಪ್ಪಲಿಯ ನೀರು ಅಂದುಕೊಳ್ಳುತ್ತಿದ್ದೆ.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದೆ. ಒಣಗಿಸಿ ಹಾಕಿದ ಮೇಲೆ 0.74 ಮತ್ತು 0.37, ಪೂರ್ತಿ ತುಳಿದರೆ 3.80 ಮತ್ತು 1.90. ಈಗ ಅಲ್ಲಾಡಿಸಿದರೂ ಕುಣಿಯುವುದಿಲ್ಲ. ಇನ್ನೇನಾದರೂ ಮಾಡಬೇಕಾ?

ಹಾಸನ_ವೈರಿಂಗ್:

ಭೇಷ್. ಇನ್ನು ಸ್ವಲ್ಪ ಕೆಲಸ ಇದೆ. ಹಸಿರು ಹಿಡಿದ ಪಿನ್ನಿನ ಹೆಣ್ಣು ಕಡೆ ಸಡಿಲ ಆಗಿದೆಯಾ ನೋಡಿ. ಸಡಿಲ ಇದ್ದರೆ ಆ ಟರ್ಮಿನಲ್ ಬದಲಾಯಿಸಿ, ಸಣ್ಣ ಖರ್ಚು. ಸೀಲ್ ಸರಿಯಾಗಿ ಕೂರಿಸಿ, ಅದಕ್ಕೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ಸವರಿ. ಆಕ್ಸಲ್ ಗ್ರೀಸ್ ಅಲ್ಲ. ರಬ್ಬರ್ ಬುಶ್ ಸುತ್ತ ಒಣಗಿಸಿ ಸಿಲಿಕಾನ್ ಹಾಕಿ.

ಆಮೇಲೆ ಒಳಗಿನ ವೈರಿಂಗನ್ನು ಕಪ್ಲರ್‌ಗಿಂತ ಕೆಳಗೆ ಒಂದು ಬಾಗು ಬರುವ ಹಾಗೆ ಕಟ್ಟಿ. ಮತ್ತೆ ನೀರು ಬಂದರೂ ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಕಪ್ಲರ್ ಒಳಗೆ ಹೋಗುವುದಿಲ್ಲ. ಕೋಡ್ ಈಗ ಅಳಿಸಿ, ಒಂದು ಜೋರು ಮಳೆ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಹಾಕಿ ನೋಡಿ. ಅಲ್ಲಿಯವರೆಗೆ ಘಾಟಿ ಬಾಡಿಗೆ ಒಪ್ಪಿಕೊಳ್ಳಬೇಡಿ.

ಕಡೂರು_ಕಾಯಿಗಾಡಿ:

ನಡುವೆ ನನ್ನದೊಂದು. ಥ್ರಾಟಲ್ ಬಾಡಿ ಕ್ಲೀನ್ ಮಾಡಿದ ಮೇಲೆ ಐಡಲ್ (ಕಾಲು ಇಡದಿದ್ದಾಗಿನ ಆರ್‌ಪಿಎಂ) 1,400ಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ಕೊಳಕಿದ್ದಾಗಲೇ ವಾಸಿ ಇತ್ತು ಅನ್ನುವ ಹಾಗಾಗಿದೆ. ಯಾಕೆ?

ಹಾಸನ_ವೈರಿಂಗ್:

ಪೆಟ್ರೋಲ್ ಗಾಡಿಗೆ ಅದು ಸಹಜ. ಕರಿ ಕಟ್ಟಿಕೊಂಡ ಹಾಗೆಲ್ಲ ಗಾಳಿ ಸಾಲದೆ ಇಸಿಯು ತಟ್ಟೆಯನ್ನು ಐಡಲ್‌ನಲ್ಲಿ ಒಂದಿಷ್ಟು ಜಾಸ್ತಿ ತೆರೆಯುವುದನ್ನು ಕಲಿತಿರುತ್ತದೆ. ಈಗ ಕರಿ ಇಲ್ಲ, ಅಭ್ಯಾಸ ಹಾಗೇ ಇದೆ. ಸ್ಕ್ಯಾನರ್‌ನಲ್ಲಿ ಥ್ರಾಟಲ್ ಅಡಾಪ್ಟೇಶನ್ ಅಂತ ಇರುತ್ತದೆ, ಅದನ್ನು ಮಾಡಿಸಿ. ಕೆಲವು ಗಾಡಿಗಳು ಕೀ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ತಾವೇ ಕಲಿಯುತ್ತವೆ. ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಮಾಡೆಲ್‌ನದ್ದು ಕೇಳಿಯೇ ಮಾಡಿ.

ಕೀ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ. ಒಳಗಿನ ಗೇರು ಪ್ಲಾಸ್ಟಿಕ್ಕಿನದು, ಮೋಟಾರ್ ತಿರುಗಿದರೆ ಬೆರಳೂ ಹೋಗುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ, ಮೋಟಾರಿನ ಕಡೆಗೆ ಇಳಿಯಬಾರದು.

ಅಡಾಪ್ಟೇಶನ್ ಆದ ಮೇಲೂ ಐಡಲ್ ಇಳಿಯದಿದ್ದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ. ಬಿಚ್ಚಿ ಹಾಕುವಾಗ ಗ್ಯಾಸ್ಕೆಟ್ ಹೊಸದು ಹಾಕಿದಿರಾ, ಹಳೇದೇ ಕೂರಿಸಿದಿರಾ?