27 ಮಕ್ಕಳ ಶಾಲೆಗೆ ವ್ಯಾನ್ ತೆಗೆದುಕೊಳ್ಳುವುದಾ, ಬೇಡವಾ? (ಅಡ್ಡಹೆಸರಿನಲ್ಲಿ ಬರೆದವರ ಚರ್ಚೆ)

ಸೀತಾನದಿ ಬದಿ: ಹೆಬ್ರಿ ಕಡೆಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5, ಒಟ್ಟು 27 ಮಕ್ಕಳು, ಇಬ್ಬರು ಶಿಕ್ಷಕರು. ಈ ಸಲ ಐದನೆಯ 8 ಮಕ್ಕಳು ಹೊರಗೆ, ಒಂದನೆಗೆ ಖಾತ್ರಿ ಇರುವುದು 3. ಮಕ್ಕಳನ್ನು ಕರೆತರಲು ವ್ಯಾನ್ ತೆಗೆದುಕೊಳ್ಳುವ ಮಾತು ಎಸ್‌ಡಿಎಂಸಿಯಲ್ಲಿ (ಹೆತ್ತವರಿರುವ ಶಾಲಾ ಸಮಿತಿ) ನಡೆದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಮುಂದಿದೆ ಅಂತ ಬ್ಯಾನರ್ ಕಟ್ಟಿದರೆ ಪ್ರಯೋಜನ ಉಂಟಾ?

ಹಳೇ ಹಾಜರಿಪುಸ್ತಕ: ಬ್ಯಾನರ್ ಬಿಡಿ ಮಾರಾಯ್ರೆ. 2024ರಲ್ಲಿ ಉಡುಪಿ ಶೇ 94 ಪಡೆದು ಮೊದಲು ಬಂದದ್ದು ಹೌದು, ಆದರೆ ಅದರಲ್ಲಿ ಅನುದಾನಿತ, ಖಾಸಗಿ ಎಲ್ಲ ಸೇರಿದೆ. ಪಕ್ಕದ ಮನೆಯ ಮೂರನೇ ಕ್ಲಾಸಿನ ಮಗು ತಡವರಿಸದೆ ಓದುತ್ತದಾ ಅಂತ ಹೆತ್ತವರು ನೋಡುತ್ತಾರೆ, ಅಷ್ಟೆ.

ನಿಮ್ಮ ಲೆಕ್ಕ 22ಕ್ಕೆ ಇಳಿಯುತ್ತದೆ. ಬಿಸಿಯೂಟಕ್ಕೆ 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, 26ರಿಂದ ಇಬ್ಬರು. ಹಾಗಾಗಿ ಮೊದಲ ಪೆಟ್ಟು ಅಡುಗೆ ಅಕ್ಕನಿಗೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆದರೆ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ನಲಿ-ಕಲಿ ಕೋಣೆ (ಒಂದರಿಂದ ಮೂರನೆಯವರು ಒಟ್ಟಿಗೆ ಕಲಿಯುವುದು), ನಾಲ್ಕು, ಐದು ಎಲ್ಲ ಒಬ್ಬರ ತಲೆಗೆ. ಹೆತ್ತವರ ಕಣ್ಣಿಗೆ ಬೀಳುವುದು ಅದೇ ದಿನ.

ಒಂದನೆಯ ದಾಖಲಾತಿ ಕೈತಪ್ಪುವುದು ಎರಡು ವರ್ಷ ಮೊದಲೇ. ನಾಲ್ಕಕ್ಕೆ ಎಲ್‌ಕೆಜಿ ಬಸ್ ಹತ್ತಿದ ಮಗು ಆರಕ್ಕೆ ಇಳಿದು ಬರುವುದು ಅಪರೂಪ. ಅಂಗನವಾಡಿ ರಿಜಿಸ್ಟರಿನಿಂದ 3ರಿಂದ 6 ವರ್ಷದವರ ಪಟ್ಟಿ ಮಾಡಿ. ಪ್ರತಿ ಹೆಸರಿನೆದುರು ಮನೆಯ ದೂರ, ಈಗ ಹೋಗುವ ಕಡೆ, ಅಲ್ಲಿನ ಫೀಸು ಬರೆಯಿರಿ. ಪಟ್ಟಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ವ್ಯಾನ್ ಯಾರಿಗೆ?

ಗೇರು ಬೀಜ: ವ್ಯಾನ್ ಕೊಡುವ ದಾನಿ ಸಿಗುತ್ತಾರೆ, ಡೀಸೆಲ್ ಕೊಡುವವರು ಸಿಗುವುದಿಲ್ಲ. ದಿನಕ್ಕೆ 40 ಕಿ.ಮೀ., ಲೀಟರಿಗೆ 10 ಕೊಟ್ಟರೂ 22 ದಿನಕ್ಕೆ 88 ಲೀಟರ್. ಮೇಲೆ ಡ್ರೈವರ್ ಸಂಬಳ, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್). ಮೊದಲ ವರ್ಷ ಹೇಗೋ ದಾಟುತ್ತದೆ. ಟಯರ್ ಸವೆದು, ಇನ್ಶೂರೆನ್ಸ್ ನವೀಕರಣ ಬಂದಾಗ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೆ. ಎರಡು ವರ್ಷದ ಖರ್ಚು ಠೇವಣಿ ಇಡದೆ ಕೀ ತೆಗೆದುಕೊಳ್ಳಬೇಡಿ.

ರೂಟ್ ನೋಡುವುದಾದರೆ ಜುಲೈ ಮಳೆಯಲ್ಲಿ ನೋಡಿ. ಕಾಲುಸಂಕದ (ತೋಡು ದಾಟುವ ಕಿರುಸೇತುವೆ) ಈಚೆ ವ್ಯಾನ್ ನಿಂತರೆ ಆಚೆಯ ಮಗುವನ್ನು ದಾಟಿಸುವವರು ಯಾರು ಅಂತ ಮೊದಲೇ ಬರೆದಿಡಿ.

ಕೊನೇ ಬೆಂಚು: ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳದವರ ಶೆಡ್ಡುಗಳಿಗೂ ಹೋಗಿ. ಟಿಸಿ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದಿನ ಶಾಲೆಯ ಸ್ಯಾಟ್ಸ್ ನಂಬರ್ (ಸರಕಾರದ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಸಂಖ್ಯೆ) ಮಾತ್ರ ಕೇಳಿ ಇಟ್ಟುಕೊಳ್ಳಿ, ಹೊಸದು ಸೃಷ್ಟಿಸಿದರೆ ಒಂದೇ ಮಗು ಎರಡು ಕಡೆ ಕಾಣಿಸುತ್ತದೆ.

ಸೀತಾನದಿ ಬದಿ: ಅಂಗನವಾಡಿ ಪಟ್ಟಿ ಬರಲಿ, ವ್ಯಾನ್ ಮಾತು ಆಮೇಲೆ.